ಹಿಡಿಯಬೇಕಾದ ಪಟ್ಟಿಯೇ ತಳ್ಳಿದಾಗ: ಒಂದು ಬ್ರೇಕ್ ಬೀಮ್ ಪ್ರಕರಣ

ಈ ಪ್ರಕರಣದಲ್ಲಿ ಯಾರಿಗೂ ಪೆಟ್ಟಾಗಲಿಲ್ಲ. ಗಾಡಿ ಹಳಿ ತಪ್ಪಲಿಲ್ಲ. ಪೇಪರ್‌ನಲ್ಲಿ ಒಂದು ಸಾಲಿನ ಸುದ್ದಿಯೂ ಬರಲಿಲ್ಲ. ರೈಲು ಕೋಚ್‌ನ ಅಡಿಯಲ್ಲಿ ಹ್ಯಾಂಗರ್ ಪಿನ್ ಕಳಚಿ ಬ್ರೇಕ್ ಬೀಮ್ ಒಂದು ಕಡೆ ಜೋತು ಬಿತ್ತು, ಅದರ ಕೆಳಗಿದ್ದ ಸೇಫ್ಟಿ ಪಟ್ಟಿ ಅದನ್ನು ಹಿಡಿದುಕೊಂಡಿತು. ಪಟ್ಟಿ ಇರುವುದೇ ಅದಕ್ಕೆ ಅಲ್ವಾ ಎಂದು ಫೈಲ್ ಮುಚ್ಚಬಹುದಿತ್ತು. ಹೆಚ್ಚುಕಮ್ಮಿ ಮುಚ್ಚಿಯೂ ಆಗಿತ್ತು. ಆದರೆ ಬಿಚ್ಚಿ ನೋಡಿದಾಗ ತಿಳಿದದ್ದೇ ಬೇರೆ. ಬೀಮ್ ಬೀಳದ ಹಾಗೆ ಹಿಡಿದ ಪಟ್ಟಿಯೇ ಆ ಪಿನ್ ಉದುರುವುದಕ್ಕೂ ಕಾರಣವಾಗಿತ್ತು.

ನಾನು ಆಗ ರೈಲ್ವೆಯ ಕ್ಯಾರೇಜ್ ಅಂಡ್ ವ್ಯಾಗನ್ ವಿಭಾಗದಲ್ಲಿ ಸೂಪರ್‌ವೈಸರ್. ಗಾಡಿ ನಂಬರ್, ಸ್ಟೇಷನ್, ಡಿಪೋ ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಅದರಲ್ಲಿದ್ದವರು ಕೆಲವರು ಇನ್ನೂ ಕೆಲಸದಲ್ಲಿದ್ದಾರೆ. ಅಲ್ಲದೆ ಇದು ಯಾವ ಡಿಪೋದಲ್ಲಾದರೂ ನಡೆಯಬಹುದಾದ ವಿಷಯ.

ಮಾರ್ಗವನ್ನು ಮಾತ್ರ ಹೇಳಲೇಬೇಕು, ಯಾಕೆಂದರೆ ಕಥೆಯಲ್ಲಿ ಅದರ ಪಾಲೂ ಇದೆ. ಶಿವಮೊಗ್ಗ–ತಾಳಗುಪ್ಪ ಲೈನ್. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಅದು ತಾಳಗುಪ್ಪ ಮುಟ್ಟುವ ಹೊತ್ತಿಗೆ 1940 ಆಯಿತು. ಮೀಟರ್ ಗೇಜ್ ಕಿತ್ತು ತಾಳಗುಪ್ಪದವರೆಗೆ ಬ್ರಾಡ್ ಗೇಜ್ ಹಾಕಿ ಮುಗಿಸಿದ್ದು 2011ರಲ್ಲಿ. ಒಂಟಿ ಹಳಿ. ಕುಂಸಿ ದಾಟಿದರೆ ಅರಸಾಳು, ಆನಂದಪುರದವರೆಗೆ ಕಾಡಿನ ಸೆರಗು, ತಿರುವುಗಳು. ದನಗಳು ಕಾಡಿನಲ್ಲೇ ಮೇಯುತ್ತವೆ, ಮಳೆಗಾಲದಲ್ಲಿ ಕೆಸರು ಬಿಟ್ಟು ಜಲ್ಲಿಯ ದಿಬ್ಬ ಹತ್ತಿ ನಿಲ್ಲುತ್ತವೆ. ಇಲ್ಲಿಯ ಮಲೆನಾಡು ಗಿಡ್ಡ ತಳಿಯ ದನ ಗಾತ್ರದಲ್ಲಿ ಚಿಕ್ಕದು. ಇಂಜಿನ್ ಮುಂದಿನ ಕ್ಯಾಟಲ್ ಗಾರ್ಡ್ ಅದನ್ನು ಪಕ್ಕಕ್ಕೆ ತಳ್ಳಬೇಕು, ಆದರೆ ಕೆಲವು ಸಲ ಅದು ಅಡಿಗೇ ಸೇರಿಬಿಡುತ್ತದೆ. ಆಮೇಲೆ ಏಟು ಬೀಳುವುದು ಹಿಂದಿನ ಕೋಚ್‌ಗಳ ಕೆಳಭಾಗಕ್ಕೆ.

ಬೀಮ್, ಹ್ಯಾಂಗರ್, ಪಟ್ಟಿ

ರೈಲ್ವೆಯವರಲ್ಲದವರಿಗೆ ಸ್ವಲ್ಪ ವಿವರ ಬೇಕಾಗುತ್ತದೆ. ಗಾಡಿಯಲ್ಲಿದ್ದದ್ದು ಹಳೆಯ ಐಸಿಎಫ್ (ಚೆನ್ನೈನ ಇಂಟಿಗ್ರಲ್ ಕೋಚ್ ಫ್ಯಾಕ್ಟರಿ) ಮಾದರಿಯ ಕೋಚ್‌ಗಳು. ಪ್ರತಿ ಕೋಚ್‌ನ ಕೆಳಗೆ ಎರಡು ಬೋಗಿ. ಜನ ಡಬ್ಬಿಯನ್ನೇ ಬೋಗಿ ಎನ್ನುತ್ತಾರೆ, ಇಲ್ಲಿ ಹೇಳುತ್ತಿರುವುದು ಎರಡು ಆಕ್ಸಲ್, ನಾಲ್ಕು ಚಕ್ರ ಇರುವ ಅಡಿಯ ಚೌಕಟ್ಟನ್ನು. ಒಂದೊಂದು ಚಕ್ರವನ್ನೂ ಎರಡೂ ಕಡೆಯಿಂದ ಬ್ರೇಕ್ ಬ್ಲಾಕ್‌ಗಳು ಒತ್ತಿ ಹಿಡಿಯುತ್ತವೆ. ಎಡ ಚಕ್ರದ ಬ್ಲಾಕ್‌ಗೂ ಬಲ ಚಕ್ರದ ಬ್ಲಾಕ್‌ಗೂ ನಡುವೆ ಅಡ್ಡಕ್ಕೆ ಇರುವ ದಪ್ಪ ಕಬ್ಬಿಣವೇ ಬ್ರೇಕ್ ಬೀಮ್. ಉಯ್ಯಾಲೆಯ ಹಲಗೆ ಹಾಗೆ ಅದು ಎರಡು ತುದಿಯಲ್ಲಿ ಹ್ಯಾಂಗರ್‌ಗಳಿಂದ ನೇತಾಡುತ್ತಿರುತ್ತದೆ. ಡ್ರೈವರ್ ಬ್ರೇಕ್ ಹಾಕಿದಾಗ ಸಿಲಿಂಡರ್‌ನಲ್ಲಿ ಗಾಳಿ ತುಂಬಿ, ಲಿವರ್‌ಗಳು ಎಳೆದು, ಬೀಮ್ ಚಕ್ರದ ಕಡೆಗೆ ತೂಗುತ್ತದೆ. ಬಿಟ್ಟಾಗ ಹಿಂದೆ ಬರುತ್ತದೆ. ಸಿಲಿಂಡರ್‌ಗೆ ಬರುವ ಗಾಳಿಯ ಒತ್ತಡ ಪೂರ್ತಿ ಬ್ರೇಕ್‌ನಲ್ಲಿ ಚದರ ಸೆಂಟಿಮೀಟರಿಗೆ 3.8 ಕೆಜಿ. ಲಿವರ್‌ಗಳು ಅದನ್ನು ಇನ್ನೂ ಹಿಗ್ಗಿಸುತ್ತವೆ. ಅಂದರೆ ನೇತಾಡುವ ವಸ್ತುವಾದರೂ ಅದರ ಮೇಲೆ ಬೀಳುವ ಬಲ ಸಣ್ಣದಲ್ಲ.

ಹ್ಯಾಂಗರನ್ನು ಹಿಡಿದಿರುವುದು ಒಂದು ಪಿನ್. ಪಿನ್ ತುದಿಯಲ್ಲಿ ವಾಷರ್, ಅದರಾಚೆ ಸ್ಪ್ಲಿಟ್ ಪಿನ್. ಇಡೀ ವ್ಯವಸ್ಥೆ ಹೀಗೆ ಕಡೆಗೆ ಬಂದು ನಿಲ್ಲುವುದು ಬೆರಳಿನಷ್ಟೂ ದಪ್ಪವಿಲ್ಲದ ತಂತಿಯ ತುಂಡಿನ ಮೇಲೆ. ಅದು ಕೈಕೊಟ್ಟರೆ ಏನು? ಅದಕ್ಕೇ ಸೇಫ್ಟಿ ಪಟ್ಟಿ. ಯು ಆಕಾರಕ್ಕೆ ಬಗ್ಗಿಸಿದ ಚಪ್ಪಟೆ ಕಬ್ಬಿಣ, ಎರಡು ತುದಿಗಳೂ ಬೋಗಿ ಚೌಕಟ್ಟಿಗೆ ಬೋಲ್ಟ್ ಆಗಿರುತ್ತವೆ, ಮಧ್ಯಭಾಗ ಬೀಮ್‌ನ ಕೆಳಗೆ ಹಾದುಹೋಗುತ್ತದೆ. ಕೆಲವು ಕಡೆ ಪಟ್ಟಿಯ ಬದಲು ಉಕ್ಕಿನ ವೈರ್ ರೋಪ್ ಇರುತ್ತದೆ, ಕೆಲವು ಕಡೆ ಎರಡೂ.

ಮಾಮೂಲಿ ದಿನಗಳಲ್ಲಿ ಪಟ್ಟಿಗೂ ಬೀಮ್‌ಗೂ ಸಂಬಂಧವೇ ಇರಬಾರದು. ನಡುವೆ ಸಂದು ಇರಬೇಕು. ಈ ಸಂದು ಜಾಸ್ತಿಯಾದರೆ ಬೀಮ್ ತುಂಬ ಕೆಳಗೆ ಬಿದ್ದ ಮೇಲೆ ಪಟ್ಟಿ ಹಿಡಿಯುತ್ತದೆ, ಅಷ್ಟರಲ್ಲಿ ಹಳಿಗೆ ತಾಗಿರಬಹುದು. ಕಡಿಮೆಯಾದರೆ ಪ್ರತಿ ಬ್ರೇಕ್‌ಗೂ ಬೀಮ್ ಪಟ್ಟಿಗೆ ಉಜ್ಜುತ್ತದೆ. ಚಕ್ರದ ಸವೆತವೂ ಇದರಲ್ಲಿ ಸೇರಿಕೊಳ್ಳುತ್ತದೆ. ಹೊಸ ಚಕ್ರದ ವ್ಯಾಸ 915 ಮಿ.ಮೀ., ಸವೆದು 825ಕ್ಕೆ ಬರುವ ಹೊತ್ತಿಗೆ ಆಕ್ಸಲ್ 45 ಮಿ.ಮೀ. ಕೆಳಗಿಳಿದಿರುತ್ತದೆ. ಸ್ಪ್ರಿಂಗ್ ಜಾಗದಲ್ಲಿ ಪ್ಯಾಕಿಂಗ್ ಕೊಟ್ಟು ಎತ್ತರ ಸರಿಮಾಡುತ್ತಾರೆ. ಅದು ತಪ್ಪಿದರೆ ಬೀಮ್‌ಗೂ ಹಳಿಗೂ ಮಧ್ಯದ ಜಾಗ ಸುಮ್ನೆ ಕಳೆದುಹೋಗುತ್ತದೆ.

ಜೋತು ಬಿದ್ದ ಕಬ್ಬಿಣ ನೇರ ಹಳಿಯಲ್ಲಿ ಒಮ್ಮೊಮ್ಮೆ ಏನೂ ಮಾಡದೆ ಮೈಲಿಗಟ್ಟಲೆ ಬರಬಹುದು. ಅಪಾಯ ಇರುವುದು ಲೆವೆಲ್ ಕ್ರಾಸಿಂಗ್‌ನಲ್ಲಿ, ಗಾಡಿ ಹಳಿ ಬದಲಿಸುವ ಪಾಯಿಂಟ್‌ನಲ್ಲಿ. ಗೇಟ್ ಇರುವ ಕಡೆ ರಸ್ತೆ ಹಳಿಯ ಮಟ್ಟಕ್ಕೇ ಬಂದಿರುತ್ತದೆ, ಹಳಿಯ ಒಳಪಕ್ಕದಲ್ಲಿ ಚೆಕ್ ರೈಲು ಎಂಬ ಇನ್ನೊಂದು ಹಳಿಯ ತುಂಡೂ ಇರುತ್ತದೆ. ಪಾಯಿಂಟ್‌ನಲ್ಲಿ ಹಳಿಯಿಂದ ಹಳಿಗೆ ರಾಡ್‌ಗಳು, ನಡುವೆ ಕ್ರಾಸಿಂಗ್‌ನ ಮೂತಿ. ಬೀಮ್ ಅಲ್ಲಿ ಸಿಕ್ಕಿಕೊಂಡರೆ ಅದೇ ಚಕ್ರದಡಿಗೆ ಬರುತ್ತದೆ. ಅದಕ್ಕೇ ಗಾಡಿ ಹಾದುಹೋಗುವಾಗ ಸ್ಟೇಷನ್‌ನವರು, ಗೇಟ್‌ನವರು ಬಾವುಟ ಹಿಡಿದು ನಿಂತು ನೋಡುವುದು. ಅದು ಶಿಷ್ಟಾಚಾರ ಅಂದುಕೊಂಡವರೇ ಜಾಸ್ತಿ. ಅವರ ಕಣ್ಣು ಇರಬೇಕಾದದ್ದು ಚಕ್ರಗಳ ನಡುವೆ.

ಆ ಸಂಜೆ

ಗಾಡಿ ಸಾಗರ ಬಿಟ್ಟು ಶಿವಮೊಗ್ಗ ಕಡೆ ಬರುತ್ತಿತ್ತು. ಸಣ್ಣ ಮಳೆ, ಇನ್ನೂ ಬೆಳಕಿತ್ತು. ಒಂದು ಗೇಟ್ ಹತ್ತಿರ ಡ್ರೈವರ್ ತಿರುವಿಗೆಂದು ಬ್ರೇಕ್ ಹಾಕಿದ್ದ. ಗೇಟ್‌ಮನ್‌ಗೆ ಮೊದಲು ಕೇಳಿಸಿದ್ದು ಸದ್ದು. ಆಮೇಲೆ ಒಂದು ಚಕ್ರದ ಬುಡದಲ್ಲಿ ಕಿಡಿ. ಬ್ರೇಕ್ ಹಾಕಿದಾಗ ಕಿಡಿ ಏಳುವುದು ಅಪರೂಪವೇನಲ್ಲ, ಆದರೆ ಇದು ಒಂದೇ ಚಕ್ರದಲ್ಲಿ, ಅದೂ ಫ್ಲ್ಯಾಂಜ್, ಅಂದರೆ ಚಕ್ರದ ಒಳ ಅಂಚಿನ ಏಣಿನ ಕಡೆಯಿಂದ. ಆತ ಹಸಿರು ಇಳಿಸಿ ಕೆಂಪು ಬಾವುಟ ಬಿಚ್ಚಿದ. ಕೊನೆಯ ಕೋಚ್‌ನಲ್ಲಿದ್ದ ಗಾರ್ಡ್‌ಗೆ ಅದು ಕಾಣಿಸಿತು. 2022ರಿಂದ ಕಾಗದದ ಮೇಲೆ ಅವರು ಟ್ರೈನ್ ಮ್ಯಾನೇಜರ್, ನಮ್ಮ ಬಾಯಿಗೆ ಇನ್ನೂ ಗಾರ್ಡೇ. ವಾಕಿಟಾಕಿಯಲ್ಲಿ ಡ್ರೈವರ್‌ಗೆ ಹೇಳಿ ನಿಲ್ಲಿಸಿದರು. ಅಸಿಸ್ಟೆಂಟ್ ಡ್ರೈವರ್ ಇಳಿದು ಬಂದು ಬಗ್ಗಿ ನೋಡಿ, ಬೀಮ್ ಜೋತಿದೆ ಎಂದು ತಿಳಿಸಿದ. ಆ ಬೋಗಿಯ ಬ್ರೇಕ್‌ಗೆ ಗಾಳಿ ಬರದಂತೆ ಐಸೊಲೇಟ್ ಮಾಡಿ, ನಡೆಯುವ ವೇಗದಲ್ಲಿ ಮುಂದಿನ ಸಣ್ಣ ಸ್ಟೇಷನ್‌ವರೆಗೆ ತಂದು ಪ್ಲಾಟ್‌ಫಾರ್ಮ್‌ಗೆ ಮುಂಚೆಯೇ, ಪಾಯಿಂಟ್ ಹತ್ತುವ ಮೊದಲೇ ನಿಲ್ಲಿಸಿದರು. ಪಾಯಿಂಟ್ ದಾಟಿಸದೆ ಇದ್ದದ್ದು ಡ್ರೈವರ್‌ನ ತೀರ್ಮಾನ. ಇಡೀ ಪ್ರಕರಣದಲ್ಲಿ ನನಗೆ ತುಂಬ ಮೆಚ್ಚುಗೆಯಾದ ಕೆಲಸ ಅದು.

ನಾವು ರಸ್ತೆಯಲ್ಲಿ ಜೀಪಿನಲ್ಲಿ ಹೋಗಿ ಸೇರುವಷ್ಟರಲ್ಲಿ ಕತ್ತಲಾಗಿತ್ತು. ಪ್ಯಾಸೆಂಜರ್‌ಗಳು ಅರ್ಧ ಜನ ಕೆಳಗಿಳಿದು ಜಲ್ಲಿಯ ಮೇಲೆ ನಿಂತಿದ್ದರು. "ಏನ್ ಸಾರ್, ಒಂದು ಪಿನ್ ಹಾಕೋಕೆ ಇಷ್ಟು ಹೊತ್ತಾ? ನಮಗೆ ಭದ್ರಾವತಿಗೆ ಹೋಗಬೇಕು ಮಾರಾಯ್ರೇ" ಅಂದರು ಒಬ್ಬರು ಯಜಮಾನರು. ಪಿನ್ ವಿಷಯ ಅವರಿಗೆ ಹೇಗೆ ಗೊತ್ತಾಯಿತೋ. ಗಾಡಿ ನಿಂತರೆ ಸುದ್ದಿ ಹರಡುವುದಕ್ಕೆ ತಡವಾಗುವುದಿಲ್ಲ.

ಅಡಿಗೆ ಹೋಗುವ ಮೊದಲಿನ ಕೆಲಸಗಳನ್ನು ಎಷ್ಟೇ ಆತುರವಿದ್ದರೂ ಬಿಡುವಂತಿಲ್ಲ. ಡ್ರೈವರ್‌ಗೆ ಹೇಳಿ, ಗಾಡಿಗೆ ಕೆಂಪು ಗುರುತು ಇಟ್ಟು, ಚಕ್ರಗಳಿಗೆ ಮರದ ಬೆಣೆ ಕೊಟ್ಟು, ಸಿಲಿಂಡರ್‌ನಲ್ಲಿ ಗಾಳಿ ಉಳಿದಿಲ್ಲ ಎಂದು ಖಚಿತ ಮಾಡಿಕೊಳ್ಳಬೇಕು. ಗೇಜ್ ನೋಡಿದರೆ ಸಾಲದು. ಬ್ಲಾಕನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಬೇಕು, ಅದು ಸಡಿಲವಾಗಿ ಆಡಬೇಕು. ಆಡದಿದ್ದರೆ ಕೈ ಒಳಗೆ ಹಾಕಬಾರದು.

ಟಾರ್ಚ್ ಬಿಟ್ಟು ನೋಡಿದೆವು. ಬೀಮ್‌ನ ಬಲತುದಿಯ ಹ್ಯಾಂಗರ್ ಮೇಲಿನ ಪಿನ್ ಇಲ್ಲ. ಆ ತುದಿ ಪಟ್ಟಿಯ ಮೇಲೆ ಕೂತಿದೆ. ಬ್ರೇಕ್ ಹೆಡ್ ವಾಲಿ, ಬ್ಲಾಕ್‌ನ ಅಂಚು ಚಕ್ರದ ಫ್ಲ್ಯಾಂಜ್‌ಗೆ ತಾಗಿ ಹೊಳೆಯುವಂತೆ ಉಜ್ಜಿದೆ. ಕಿಡಿ ಅಲ್ಲಿಂದ. ಎಡತುದಿಯ ಹ್ಯಾಂಗರ್, ಮಧ್ಯದ ಲಿವರ್, ಈ ಪಟ್ಟಿ ಮೂರೂ ಸೇರಿ ಬೀಮನ್ನು ಹೊತ್ತಿವೆ. ಪಟ್ಟಿಯ ಒಂದು ಬೋಲ್ಟಿನ ನಟ್ ಅರ್ಧ ಬಿಚ್ಚಿಕೊಂಡಿದೆ. ಪಟ್ಟಿಯ ತಳಕ್ಕೂ ಹಳಿಯ ಮಟ್ಟಕ್ಕೂ ನಡುವೆ ಕೈ ಇಟ್ಟು ನೋಡಿದೆ. ನಾಲ್ಕು ಬೆರಳು ಹಿಡಿಸಿತು. ಗೇಟಿನ ಚೆಕ್ ರೈಲಿಗೆ ಬಡಿಯದೆ ಅದು ದಾಟಿದ್ದು ಅಷ್ಟು ಜಾಗದಲ್ಲಿ.

ನನ್ನ ಜೊತೆಯ ಟೆಕ್ನಿಷಿಯನ್ ಹುಷಾರು ಹುಡುಗ. "ಸಾರ್, ಸ್ಪೇರ್ ಪಿನ್ ತಂದಿದ್ದೀನಿ. ಹತ್ತು ನಿಮಿಷ. ಎತ್ತಿ ಹಾಕಿ ಬಿಟ್ಟುಬಿಡೋಣ" ಅಂದ. ಆ ಹೊತ್ತಿಗೆ ಅದು ಸರಿಯಾದ ಮಾತೇ. ಕಂಟ್ರೋಲ್‌ನಿಂದ ಫೋನ್ ಮೇಲೆ ಫೋನ್, ಒಂಟಿ ಹಳಿಯಲ್ಲಿ ಎದುರು ಗಾಡಿ ಕಾಯುತ್ತಿದೆ.

ಆದರೆ ಪಿನ್ ಹಾಕಲು ಜಾಕ್ ಕೊಟ್ಟು ಬೀಮ್ ಎತ್ತುವಾಗ ಪಟ್ಟಿ ಕಣ್ಣಿಗೆ ಬಿತ್ತು. ಬೀಮ್ ಈಗ ಕೂತಿದ್ದ ಜಾಗದಲ್ಲಿ ಹೊಸ ಗೀರು ಇತ್ತು, ಅದು ಇರಬೇಕಾದದ್ದೇ. ಅದರ ಪಕ್ಕದಲ್ಲಿ ಇನ್ನೊಂದು ಗುರುತು, ಬೆರಳುದ್ದ, ಕನ್ನಡಿಯಂತೆ ನುಣುಪು. ಅದರ ಅಂಚಿಗೆ ಕೆಂಪು ಪುಡಿ ಅಂಟಿಕೊಂಡಿತ್ತು. ಕಬ್ಬಿಣಕ್ಕೆ ಕಬ್ಬಿಣ ದಿನಗಟ್ಟಲೆ ಉಜ್ಜಿದಾಗ ಬರುವ ತುಕ್ಕಿನ ಪುಡಿ ಅದು. ಒಂದು ಸಂಜೆಯಲ್ಲಿ ಆಗುವಂಥದ್ದಲ್ಲ. ಪಿನ್ ಬೀಳುವುದಕ್ಕೆ ಎಷ್ಟೋ ಮೊದಲಿನಿಂದ ಈ ಪಟ್ಟಿ ಬೀಮ್‌ಗೆ ತಾಗುತ್ತಿತ್ತು. ತಳವನ್ನು ಸವರಿ ನೋಡಿದರೆ ಪಟ್ಟಿ ನೇರವಾಗಿಲ್ಲ, ಮಧ್ಯದಲ್ಲಿ ಮೇಲಕ್ಕೆ ಉಬ್ಬಿದೆ. ಆ ಉಬ್ಬಿನ ಹೊರಮೈಗೆ ಒಣಗಿದ ಕೆಸರು. ಕೆಸರಲ್ಲಿ ಕಂದು ಬಣ್ಣದ ಗಿಡ್ಡ ಕೂದಲು.

ಹಾಗಾಗಿ ಪಿನ್ ಹಾಕಿ ಬಿಡುವ ಮಾತು ಅಲ್ಲಿಗೆ ನಿಂತಿತು. ಉಬ್ಬಿದ ಪಟ್ಟಿ ಹಾಗೇ ಇದ್ದರೆ ಹೊಸ ಪಿನ್‌ಗೂ ಅದೇ ಗತಿ. ಪಟ್ಟಿ ಬಿಚ್ಚಿದೆವು. ಬೀಮ್ ತೂಗಲು ಹೊಸ ಪಿನ್ ಹಾಕಿ, ಕೆಳಗೆ ವೈರ್ ರೋಪ್ ಸುತ್ತಿ ಚೌಕಟ್ಟಿಗೆ ಬಿಗಿದೆವು. ಆ ಬೋಗಿಯ ಬ್ರೇಕ್ ಐಸೊಲೇಟ್ ಆಗಿಯೇ ಇರಲಿ ಎಂದು ಬಿಟ್ಟೆವು. ಬ್ರೇಕ್ ಇಲ್ಲದಿದ್ದರೆ ಬೀಮ್ ತೂಗುವುದಿಲ್ಲ, ತೂಗದಿದ್ದರೆ ಪಿನ್ ಮೇಲೆ ಕೆಲಸವಿಲ್ಲ. ಬ್ರೇಕ್ ಪವರ್ ಸರ್ಟಿಫಿಕೇಟ್‌ನಲ್ಲಿ ಅದನ್ನು ಬರೆದು ಡ್ರೈವರ್, ಗಾರ್ಡ್ ಇಬ್ಬರ ಸಹಿ ಹಾಕಿಸಿ, ನಿಧಾನವಾಗಿ ಶಿವಮೊಗ್ಗಕ್ಕೆ ತಂದೆವು. ಅಲ್ಲಿ ಕೋಚ್ ಕಳಚಿ ರಿಪೇರಿಯ ಸಿಕ್ ಲೈನ್‌ಗೆ ಹಾಕಿದರು. ಭದ್ರಾವತಿ ಯಜಮಾನರು ಎಷ್ಟು ಹೊತ್ತಿಗೆ ಮನೆ ಸೇರಿದರೋ ಗೊತ್ತಿಲ್ಲ.

ಮೊದಲ ತೀರ್ಪು, ಎರಡನೆಯ ತೀರ್ಪು

ಬೆಳಗ್ಗೆಯೇ ಎಲ್ಲರ ಬಾಯಲ್ಲಿ ಒಂದೇ ಮಾತು: ಪಿಟ್ ಲೈನ್‌ನಲ್ಲಿ, ಅಂದರೆ ಹಳಿಯ ನಡುವಿನ ಗುಂಡಿಯಲ್ಲಿ ನಿಂತು ಕೋಚ್‌ನ ಅಡಿಯನ್ನು ನೋಡುವ ಕಡೆ, ಸ್ಪ್ಲಿಟ್ ಪಿನ್ ಹಾಕಲು ಮರೆತಿದ್ದಾರೆ. ಆ ಕೋಚ್‌ನ ಅಡಿಯಲ್ಲಿ ಕೊನೆಯದಾಗಿ ಕೆಲಸ ಮಾಡಿದ ಹುಡುಗನ ಹೆಸರೂ ಬಂತು. ಚಾರ್ಜ್‌ಶೀಟ್ ಸಿದ್ಧವಾಗುತ್ತಿತ್ತು. ಇಂಥ ಪ್ರಕರಣಗಳಲ್ಲಿ ಈ ತೀರ್ಪು ಎಲ್ಲರಿಗೂ ಅನುಕೂಲ. ಒಬ್ಬನ ಮರೆವು ಅಂದರೆ ಉಳಿದವರು ಏನನ್ನೂ ಬದಲಿಸಬೇಕಿಲ್ಲ.

ಅದನ್ನು ತಪ್ಪಿಸಿದ್ದು ಒಬ್ಬ ಕೀಮ್ಯಾನ್. ದಿನಾ ತನ್ನ ಪಾಲಿನ ಹಳಿಯನ್ನು ನಡೆದು ನೋಡುವ ಆತನಿಗೆ ಆನಂದಪುರದ ಕಡೆ ಜಲ್ಲಿಯ ಮೇಲೆ ಬಿದ್ದಿದ್ದ ಪಿನ್ ಸಿಕ್ಕಿತು. ಸ್ಟೇಷನ್‌ಗೆ ತಂದು ಕೊಟ್ಟ. ಪಿನ್ ತುದಿಯ ತೂತಿನಲ್ಲಿ ಸ್ಪ್ಲಿಟ್ ಪಿನ್‌ನ ಚೂರು ಇನ್ನೂ ಕೂತಿತ್ತು. ಎರಡೂ ಕಡೆ ಒಡೆದ ಗುರುತಿರಲಿಲ್ಲ. ತಿಂದುಹೋದಂತೆ ತೆಳ್ಳಗಾಗಿ ತುಂಡಾಗಿತ್ತು. ಅಂದರೆ ಸ್ಪ್ಲಿಟ್ ಪಿನ್ ಹಾಕಿದ್ದರು. ಅದನ್ನು ವಾಷರ್ ಕೊರೆದು ಕೊರೆದು ಮುಗಿಸಿತ್ತು. ಪಿನ್‌ನ ಮೈಯ ಮೇಲೂ ಮೆಟ್ಟಿಲು ಬಿದ್ದಂತೆ ಸವೆತ, ಅದೂ ಕೆಳಗೆ ಮಾತ್ರವಲ್ಲ, ಮೇಲ್ಭಾಗದಲ್ಲೂ.

ಮೇಲ್ಭಾಗದ ಈ ಸವೆತವೇ ಬೀಗ ತೆರೆದದ್ದು. ನೇತಾಡುವ ಬೀಮ್‌ನ ಭಾರ ಯಾವಾಗಲೂ ಕೆಳಕ್ಕೆ, ಪಿನ್ ಸವೆಯಬೇಕಾದದ್ದು ಮುಖ್ಯವಾಗಿ ಒಂದೇ ಮೈಯಲ್ಲಿ. ಎರಡೂ ಮೈ ಸವೆದಿದೆ ಅಂದರೆ ಬೀಮನ್ನು ಯಾವುದೋ ಕೆಳಗಿನಿಂದ ಮೇಲಕ್ಕೂ ತಳ್ಳುತ್ತಿತ್ತು. ಉಬ್ಬಿದ ಪಟ್ಟಿಯನ್ನು ಮೇಜಿನ ಮೇಲಿಟ್ಟು, ಆ ನುಣುಪು ಗುರುತನ್ನು ಬೀಮ್‌ನ ತಳದ ಗುರುತಿಗೆ ಹೊಂದಿಸಿ ನೋಡಿದೆವು. ಕೂಡಿಬಂತು. ಡ್ರೈವರ್ ಬ್ರೇಕ್ ಹಾಕಿದಾಗಲೆಲ್ಲ ಬೀಮ್ ಚಕ್ರದ ಕಡೆ ತೂಗುವ ದಾರಿಯಲ್ಲಿ ಪಟ್ಟಿಯ ಉಬ್ಬಿಗೆ ಹತ್ತುತ್ತಿತ್ತು. ಹ್ಯಾಂಗರ್ ಒಂದು ಕ್ಷಣ ಸಡಿಲಾಗಿ, ಇಳಿಯುವಾಗ ಮತ್ತೆ ಬಿಗಿಯುತ್ತಿತ್ತು. ಪಿನ್ ಒಳಗೇ ಕುಣಿಯುತ್ತ, ತಿರುಗುತ್ತ, ಪಕ್ಕಕ್ಕೆ ಸರಿದು ವಾಷರನ್ನು ಸ್ಪ್ಲಿಟ್ ಪಿನ್‌ಗೆ ಒತ್ತುತ್ತಿತ್ತು. ಹ್ಯಾಂಗರ್‌ನ ತೂತು ಮೊಟ್ಟೆಯಾಕಾರಕ್ಕೆ ಬಂದು, ನೈಲಾನ್ ಬುಷ್ ಒಂದು ಕಡೆ ಪೂರ್ತಿ ಹೋಗಿತ್ತು. ಅದೇ ಕಂಪನಕ್ಕೆ ಪಟ್ಟಿಯ ನಟ್ಟೂ ಬಿಚ್ಚಿಕೊಳ್ಳತೊಡಗಿತ್ತು. ಗಾಡಿ ಇನ್ನೂ ಸ್ವಲ್ಪ ದೂರ ಹೋಗಿದ್ದರೆ ಪಿನ್ ಜೊತೆ ಪಟ್ಟಿಯೂ ಹೋಗುತ್ತಿತ್ತು.

ಹಾಗಾದರೆ ಪಟ್ಟಿ ಉಬ್ಬಿದ್ದು ಯಾವಾಗ? ಗಾರ್ಡ್‌ಗಳ ಹಳೆಯ ಮೆಮೊಗಳನ್ನು ತಿರುವಿದರೆ ಉತ್ತರ ಅಲ್ಲೇ ಇತ್ತು. ಕೆಲವು ದಿನಗಳ ಹಿಂದೆ ಅದೇ ಕೋಚ್‌ಗಳಿದ್ದ ಗಾಡಿಗೆ ದನ ಸಿಕ್ಕಿತ್ತು. ಗಾಡಿ ನಿಲ್ಲಿಸಿ, ಇಳಿದು ನೋಡಿ, ಕಳೇಬರ ತೆಗೆಸಿ, "ಜೋತು ಬಿದ್ದ ಭಾಗ ಇಲ್ಲ, ಗಾಡಿ ಹೋಗಬಹುದು" ಎಂದು ಬರೆದಿದ್ದರು. ಬರೆದದ್ದು ನಿಜ. ಜೋತು ಬಿದ್ದದ್ದು ಏನೂ ಇರಲಿಲ್ಲ. ಪಟ್ಟಿ ಬಗ್ಗಿದ್ದು ಮೇಲಕ್ಕೆ.

ನನಗೆ ಇಡೀ ಪ್ರಕರಣದ ತಿರುಳು ಇದು. ನಾವು ಹುಡುಕುವುದು ಕೆಳಗೆ ಇಳಿದದ್ದನ್ನು. ಮಳೆಯಲ್ಲಿ, ಕಾಡಿನ ನಡುವೆ, ಟಾರ್ಚ್ ಹಿಡಿದು ಬಗ್ಗುವ ಗಾರ್ಡ್ ನೋಡಬಹುದಾದದ್ದೂ ಅಷ್ಟೇ. ಆತನನ್ನು ದೂರುವಂತಿಲ್ಲ. ಆದರೆ ಆಮೇಲೆ ಕೋಚ್ ಪಿಟ್ ಲೈನ್‌ಗೆ ಬಂದಿತ್ತು. ಪಿಟ್‌ನಲ್ಲಿ ನಿಂತರೆ ಬ್ರೇಕ್ ಗೇರ್ ಕಣ್ಣಿನ ಎತ್ತರಕ್ಕೇ ಸಿಗುತ್ತದೆ. ಪಟ್ಟಿಯ ಮುಂದೆ ಟಿಕ್ ಹಾಕಿದ್ದರು. ಯಾಕೆಂದರೆ ಪಟ್ಟಿಯ ಬಗ್ಗೆ ಕೇಳುತ್ತಿದ್ದ ಪ್ರಶ್ನೆ ಒಂದೇ: ಇದೆಯಾ? ಇತ್ತು. ಬ್ಲಾಕ್ ಎಷ್ಟು ಸವೆದಿದೆ ಎಂದು ಅಳೆಯುವ ನಾವು ಪಟ್ಟಿಯನ್ನು ಎಣಿಸುತ್ತಿದ್ದೆವು, ಅಷ್ಟೇ. ಕೆಲಸ ಮಾಡದೆ ಇರುವುದೇ ಅದರ ಕೆಲಸವಾದ್ದರಿಂದ ಅದನ್ನು ಯಾರೂ ಪಾರ್ಟ್ ಎಂದು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಹೊರದೇಶಗಳಲ್ಲೂ ಈ ಭಾಗಗಳನ್ನು ಹಗುರವಾಗಿ ಬಿಟ್ಟಿಲ್ಲ. ಅಮೆರಿಕದ ಇಂಜಿನ್‌ಗಳ ನಿಯಮದಲ್ಲಿ ಬ್ರೇಕ್‌ನ ಲಿವರ್, ರಾಡ್, ಬೀಮ್, ಹ್ಯಾಂಗರ್, ಪಿನ್ ಯಾವುದೂ ಅಡ್ಡ ಕೊಯ್ದರೆ ಕಾಣುವ ವಿಸ್ತೀರ್ಣದಲ್ಲಿ 30 ಪರ್ಸೆಂಟ್‌ಗಿಂತ ಜಾಸ್ತಿ ಸವೆದಿರಬಾರದು ಎಂದಿದೆ. ಬಿರುಕು ಇರಬಾರದು, ಪ್ರತಿ ಪಿನ್‌ಗೂ ಕಾಟರ್, ಸ್ಪ್ಲಿಟ್ ಕೀ ಅಥವಾ ನಟ್ ಇರಲೇಬೇಕು. ಕೀಮ್ಯಾನ್ ತಂದ ನಮ್ಮ ಪಿನ್ ಆ ಅಳತೆಯಲ್ಲಿ ಉದುರುವ ಮೊದಲೇ ಫೇಲ್ ಆಗುತ್ತಿತ್ತೇನೋ. ಆದರೆ ಪಿನ್ ಸವೆತ ನೋಡಲು ಅದನ್ನು ಹೊರಗೆ ಎಳೆಯಬೇಕು, ದಿನಾ ಅದು ಆಗುವ ಮಾತಲ್ಲ. ಪಟ್ಟಿಯ ಹೊಳಪು ಮಾತ್ರ ಏನನ್ನೂ ಬಿಚ್ಚದೆ ಕಾಣುತ್ತದೆ.

ಆಮೇಲೆ ಏನು ಬದಲಾಯಿತು

ಚಾರ್ಜ್‌ಶೀಟ್ ನಿಂತಿತು. ಗೇಟ್‌ಮನ್‌ಗೂ ಕೀಮ್ಯಾನ್‌ಗೂ ನಗದು ಬಹುಮಾನ ಬಂತು, ಡ್ರೈವರ್‌ಗೆ ಬರಲಿಲ್ಲ. ಅದು ನನಗೆ ಇಂದಿಗೂ ಸರಿ ಅನಿಸಿಲ್ಲ.

ಪಿಟ್ ಲೈನ್‌ನಲ್ಲಿ ನಾವು ಮಾಡಿದ್ದು ತುಂಬ ಅಗ್ಗದ ಕೆಲಸ. ಪಟ್ಟಿಗಳ ಒಳಮೈಗೆ ಬಿಳಿ ಪೇಂಟ್ ಹೊಡೆಸಿದೆವು. ಬೀಮ್ ತಾಗಿದರೆ ಪೇಂಟ್ ಎದ್ದು ಕಬ್ಬಿಣ ಕಾಣುತ್ತದೆ, ಯಾರಿಗೂ ಪಾಠ ಹೇಳಬೇಕಿಲ್ಲ. ಪೇಂಟ್ ಎದ್ದ ಪಟ್ಟಿ ಸಿಕ್ಕರೆ ಪಟ್ಟಿಯನ್ನಷ್ಟೇ ಸರಿಮಾಡಿ ಬಿಡುವಂತಿಲ್ಲ, ಅದರ ಮೇಲಿನ ಹ್ಯಾಂಗರ್ ಪಿನ್ ಎಳೆದು ನೋಡಲೇಬೇಕು ಎಂದು ನಿಯಮ ಮಾಡಿದೆವು. ಮೊದಮೊದಲು ಬೈದುಕೊಂಡರು, ಕೆಲಸ ಜಾಸ್ತಿಯಾಯಿತು ಅಂತ. ಹೀಗೆ ಎಳೆದ ಕೆಲವು ಪಿನ್‌ಗಳಲ್ಲಿ ಮೆಟ್ಟಿಲು ಬಿದ್ದದ್ದು ಕಂಡ ಮೇಲೆ ಬೈಗುಳ ಕಡಿಮೆಯಾಯಿತು. ಪಟ್ಟಿಯನ್ನು ಸ್ಥಳದಲ್ಲೇ ಸುತ್ತಿಗೆಯಲ್ಲಿ ಬಡಿದು ನೆಟ್ಟಗೆ ಮಾಡುವ ಅಭ್ಯಾಸವನ್ನೂ ಬಿಡಿಸಿದೆವು. ಒಮ್ಮೆ ಬಗ್ಗಿ ಮತ್ತೆ ನೆಟ್ಟಗಾದ ಪಟ್ಟಿಯ ಮೂಲೆಯಲ್ಲಿ ಬಿರುಕು ಇರುವ ಸಾಧ್ಯತೆ ಜಾಸ್ತಿ.

ಪಟ್ಟಿ ತೆಗೆದು ವೈರ್ ರೋಪ್ ಮಾತ್ರ ಹಾಕೋಣ ಎಂಬ ಸಲಹೆಯೂ ಬಂತು. ರೋಪ್‌ಗೆ ದನದ ಏಟು ತಗುಲಿದರೆ ಅದು ಅತ್ತಿತ್ತ ಹೋಗಿ ಮತ್ತೆ ಜಾಗಕ್ಕೆ ಬರುತ್ತದೆ, ಬೀಮನ್ನು ತಳ್ಳುವುದಿಲ್ಲ. ಅದು ಅದರ ಒಳ್ಳೆಯ ಗುಣ. ಆದರೆ ನಮ್ಮ ಮಳೆಯಲ್ಲಿ ರೋಪ್‌ನ ಎಳೆಗಳು ಒಳಗಿನಿಂದ ತುಕ್ಕು ಹಿಡಿಯುತ್ತವೆ, ಹೊರಗೆ ಗ್ರೀಸ್ ಮೆತ್ತಿಕೊಂಡು ಚೆನ್ನಾಗಿಯೇ ಕಾಣುತ್ತದೆ. ಕ್ಲ್ಯಾಂಪ್ ಹತ್ತಿರ ಮೊದಲು ಕಡಿಯುತ್ತದೆ. ನನ್ನ ಮತ ಎರಡೂ ಇರಲಿ ಎಂಬುದು. ಆದರೆ ರೋಪ್ ಇದೆಯಲ್ಲ ಅಂತ ಪಟ್ಟಿ ನೋಡದೆ ಬಿಡುವವರು ಹುಟ್ಟಿಕೊಳ್ಳುತ್ತಾರೆ ಎಂಬ ಅನುಮಾನವೂ ನನಗಿದೆ.

ಜರ್ಮನ್ ವಿನ್ಯಾಸದ ಹೊಸ ಎಲ್‌ಎಚ್‌ಬಿ ಕೋಚ್‌ಗಳಲ್ಲಿ ಈ ತಲೆನೋವಿಲ್ಲ. ಆಕ್ಸಲ್ ಮೇಲೆಯೇ ಡಿಸ್ಕ್, ಅದನ್ನು ಹಿಡಿಯಲು ಕ್ಯಾಲಿಪರ್. ಚಕ್ರದಿಂದ ಚಕ್ರಕ್ಕೆ ನೇತಾಡುವ ಬೀಮ್ ಇಲ್ಲ. 2018ರಲ್ಲಿ ಐಸಿಎಫ್ ಹಳೆ ಮಾದರಿಯ ಕೋಚ್ ಕಟ್ಟುವುದನ್ನು ನಿಲ್ಲಿಸಿತು, ಓಡುತ್ತಿರುವವು ಒಂದೊಂದಾಗಿ ಹೋಗುತ್ತಿವೆ. ಗೂಡ್ಸ್ ವ್ಯಾಗನ್‌ಗಳ ಕಾಸ್ನಬ್ ಬೋಗಿಯಲ್ಲಿ ಬೀಮ್ ಇದೆ, ಆದರೆ ಹ್ಯಾಂಗರ್ ಇಲ್ಲ. ಬೀಮ್‌ನ ತುದಿಗಳು ಪಕ್ಕದ ಚೌಕಟ್ಟಿನಲ್ಲಿರುವ ತೋಡಿನಲ್ಲಿ ಜಾರುತ್ತವೆ. ಅಲ್ಲಿ ಜೋತು ಬೀಳುವ ಭಯ ಉದ್ದದ ಪುಶ್ ರಾಡ್, ಪುಲ್ ರಾಡ್‌ಗಳದ್ದು, ಸೇಫ್ಟಿ ಲೂಪ್ ಇರುವುದೂ ಅವಕ್ಕೇ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ ಇಳಿಯುವ ಘಾಟಿಯಲ್ಲಿ 50 ಮೀಟರಿಗೆ 1 ಮೀಟರ್ ಇಳಿಜಾರು, ಬ್ರೇಕ್ ಹಿಡಿದೇ ಇಳಿಯಬೇಕು. ತಾಳಗುಪ್ಪ ಲೈನ್‌ನ ಈ ಬೀಮ್ ಅಲ್ಲಿ ಜೋತಿದ್ದರೆ ನಾನು ಹೀಗೆ ನಿರಾಳವಾಗಿ ಬರೆಯುತ್ತಿರಲಿಲ್ಲ.

ದನ ಸಿಕ್ಕಾಗ ಗಾರ್ಡ್ ಬರೆಯುವ ಮೆಮೊ ಬದಲಿಸಲು ನಾವು ಪತ್ರ ಬರೆದಿದ್ದೆವು. ಜೋತು ಬಿದ್ದದ್ದು ಇದೆಯೇ ಎಂಬುದರ ಕೆಳಗೆ ಇನ್ನೊಂದು ಸಾಲು: ಯಾವ ಕೋಚ್‌ನ ಅಡಿಗೆ ಏಟು ಬಿದ್ದಿದೆ, ಪಿಟ್‌ಗೆ ಬಂದ ಮೇಲೆ ಆ ಕೋಚ್‌ನ ಪಟ್ಟಿಗಳನ್ನು ಬಿಚ್ಚಿ ನೋಡಬೇಕು. ನಾನು ಬಿಡುವವರೆಗೂ ಅಚ್ಚಾದ ಫಾರ್ಮ್ ಬದಲಾಗಿರಲಿಲ್ಲ. ನಮ್ಮ ಕಡೆಯ ಗಾರ್ಡ್‌ಗಳು ಆ ಸಾಲನ್ನು ಕೆಳಗಿನ ಖಾಲಿ ಜಾಗದಲ್ಲಿ ಪೆನ್ನಿನಲ್ಲೇ ಬರೆದು ಸಹಿ ಹಾಕುತ್ತಿದ್ದರು.